ಮೂರು ವರ್ಷಕ್ಕೊಮ್ಮೆ ಖಾಲಿಯಾಗುವ ಕೋಣೆ

ಕಾಲೇಜು ವಿದ್ಯಾರ್ಥಿಗಳ ನಡುವೆ ಸತ್ಯವೇದ (ಬೈಬಲ್) ಓದುವ ಕೂಟದಂಥ ಕ್ರೈಸ್ತ ಸೇವೆ ಆರಂಭಿಸಬೇಕೆಂದು ಸಲಹೆ ಕೇಳಲು ಬರುವವರು ಮೊದಲು ವಿಚಾರಿಸುವುದು ಗಿಟಾರ್ ನುಡಿಸುವವರು ಬೇಕೇ, ಯಾವ ಪಾಠಮಾಲೆ ಬಳಸುತ್ತೀರಿ, ಪ್ರೊಜೆಕ್ಟರ್ ಇಲ್ಲದೆ ನಡೆಯುತ್ತದೆಯೇ ಎಂದು. ನಾನು ತಿರುಗಿ ಕೇಳುವುದು ನಿಮ್ಮ ಊರಿಗೆ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು. ಕೊಡಗಿನಲ್ಲಿ ರೈಲಿಲ್ಲ. ತೋಟದ ಕೂಲಿಕಾರರ ಲೈನ್ ಮನೆಯಿಂದ ಕಾಲೇಜಿಗೆ ಬರುವ ಹುಡುಗಿ ಮುಖ್ಯರಸ್ತೆಯಲ್ಲಿ ಬಸ್ಸಿಳಿದ ಮೇಲೂ ಕಾಫಿ ಗಿಡಗಳ ನಡುವೆ ಬಹಳ ದೂರ ನಡೆಯಬೇಕು. ಸಿದ್ದಾಪುರದ ಕಡೆಯವಳಾದರೆ ಆನೆಯ ಭಯ ಬೇರೆ. ಸಂಜೆ ಆರಕ್ಕೆ ಕೂಟ ಇಟ್ಟರೆ ಬರುವವರು ಹಾಸ್ಟೆಲಿನವರು ಮಾತ್ರ. ಹಾಗಾಗಿ ನಾವು ಸೇರುತ್ತಿದ್ದದ್ದು ಶನಿವಾರ ಮಧ್ಯಾಹ್ನ, ಅರ್ಧ ದಿನದ ತರಗತಿ ಮುಗಿದ ಕೂಡಲೇ, ಗೋಣಿಕೊಪ್ಪಲಿನ ಬಸ್ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ.

ನಾನು ಪಾದ್ರಿಯಲ್ಲ. ಬೆಳೆಗಾರರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಕಚೇರಿಯ ಮೇಲಿನ ಕೋಣೆಯಲ್ಲಿ ಹಳೆಯ ಕಡತಗಳನ್ನು ಒಂದು ಗೋಡೆಗೆ ಸರಿಸಿ ಚಾಪೆ ಹಾಸಿದೆವು. ಚರ್ಚಿನ ಸಭಾಂಗಣ ಕೊಡಲು ಸಿದ್ಧರಿದ್ದವರೂ ಇದ್ದರು, ನಾನೇ ಬೇಡವೆಂದೆ. ಅದಕ್ಕೆ ಕಾರಣ ಈ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಮೂಲ 1792ಕ್ಕೆ ಹೋಗುತ್ತದೆ; ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಅಲ್ಲಿ ನೆಲೆ ಕೊಟ್ಟ. ಸಿದ್ದಾಪುರದ ಕಡೆಯ ಆನಂದಪುರ 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಟ್ಟಿದ ನೆಲೆ. ತೋಟಗಳ ಕೆಲಸಕ್ಕೆ ಬಂದು ನೆಲೆಯೂರಿದ ತಮಿಳರು, ಗಡಿ ದಾಟಿ ಬಂದ ಮಲಯಾಳಿಗಳು, ಇತ್ತೀಚಿನ ಪೆಂತೆಕೊಸ್ತ್ ಸಭೆಗಳವರು ಬೇರೆ. ಇವರ ಮಕ್ಕಳೆಲ್ಲ ವಾರವಿಡೀ ಒಂದೇ ಬೆಂಚಿನಲ್ಲಿ ಕುಳಿತು, ಭಾನುವಾರ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ. ಯಾವ ಚರ್ಚಿನ ಆವರಣದಲ್ಲಿ ಸೇರಿದರೂ ಉಳಿದವರು ಅತಿಥಿಗಳಾಗಿಬಿಡುತ್ತಾರೆ. ಕಡತದ ಕೋಣೆಯಲ್ಲಿ ಯಾರೂ ಅತಿಥಿಗಳಲ್ಲ.

ಭಾಷೆಯ ವಿಷಯ ಹೆಚ್ಚು ಎಳೆಯುವುದಿಲ್ಲ. ಅವರವರ ಭಾಷೆಯ ಸತ್ಯವೇದ ತರಬೇಕು, ಮಾತು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ನಡೆಸೋಣವೆಂದು ವೃತ್ತಿಶಿಕ್ಷಣ ಕಾಲೇಜುಗಳ ಹುಡುಗರು ಪ್ರತಿ ವರ್ಷ ಕೇಳುತ್ತಾರೆ. ಒಪ್ಪಿದರೆ ಲೈನ್ ಮನೆಯ ಮಕ್ಕಳ ಬಾಯಿ ಮುಚ್ಚಿಹೋಗುತ್ತದೆ, ಆದ್ದರಿಂದ ಒಪ್ಪಿಲ್ಲ.

ಉಪದೇಶವನ್ನು ಕೈಬಿಟ್ಟದ್ದು ನಮ್ಮ ದೊಡ್ಡ ನಿರ್ಧಾರ. ಸತ್ಯವೇದದ ಒಂದು ವಾಕ್ಯಭಾಗವನ್ನು ಗಟ್ಟಿಯಾಗಿ ಎರಡು ಸಲ ಓದುವುದು, ಏನಿದೆ ಎಂದು ಗಮನಿಸುವುದು, ಏನರ್ಥವೆಂದು ಚರ್ಚಿಸುವುದು, ನಮ್ಮ ಬದುಕಿಗೆ ಅದು ಏನು ಹೇಳುತ್ತದೆಂದು ಕೇಳಿಕೊಳ್ಳುವುದು, ಇಷ್ಟೇ ಕ್ರಮ. ಪ್ರಶ್ನೆಗಳನ್ನು ಆ ವಾರದ ವಿದ್ಯಾರ್ಥಿ ಮುಂದಾಳು ಮೊದಲೇ ಬರೆದುಕೊಂಡು ಬರಬೇಕು. ನಾನು ಬಾಗಿಲ ಬಳಿ ಕೂರುತ್ತೇನೆ. ಕೇಳಿದರೆ ಮಾತ್ರ ಬಾಯಿ ತೆರೆಯುತ್ತೇನೆ.

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಆಳುಗಳ ಸಾಮ್ಯ, ಅಂದರೆ ದೃಷ್ಟಾಂತ ಕಥೆಯಿದೆ. ಯಜಮಾನ ಬೆಳಗಿನಿಂದ ಸಂಜೆ ಐದರವರೆಗೆ ಆಗಾಗ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ, ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ಕೊಡಗಿನಲ್ಲಿ ಇದನ್ನು ಓದುವುದು ಬೆಂಗಳೂರಿನಲ್ಲಿ ಓದಿದ ಹಾಗಲ್ಲ. ನಾವು ಓದಿದ್ದು ರೊಬಸ್ಟಾ ಕಾಫಿಯ ಕೊಯ್ಲಿನ ಕಾಲದಲ್ಲಿ. ಕೋಣೆಯಲ್ಲಿ ತೋಟದ ಮಾಲೀಕರ ಮಗನೂ ಇದ್ದ, ತೋಟದ ಗುಮಾಸ್ತರಾದ ರೈಟರ್‌ರ ಮಗನೂ ಇದ್ದ, ಕೊಯ್ಲಿಗೆ ಹೋಗುವ ತಾಯಿಯ ಮಗಳೂ ಇದ್ದಳು. ಮಾಲೀಕರ ಮಗ ನೇರವಾಗಿ ಹೇಳಿದ: ಹೀಗೆ ಮಾಡಿದರೆ ಮರುದಿನ ಬೆಳಿಗ್ಗೆ ಯಾರೂ ಕೆಲಸಕ್ಕೆ ಬರುವುದಿಲ್ಲ, ಎಲ್ಲರೂ ಸಂಜೆ ಐದಕ್ಕೆ ಬರುತ್ತಾರೆ. ರೈಟರ್‌ರ ಮಗ ಇದನ್ನು ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ ಪುಸ್ತಕದಲ್ಲಿ) ಹೇಗೆ ಬರೆಯುವುದೆಂದು ಕೇಳಿ ಎಲ್ಲರನ್ನೂ ನಗಿಸಿದ. ಆ ಹುಡುಗಿ ಮಾತ್ರ ಪುಸ್ತಕದಿಂದ ಕಣ್ಣೆತ್ತದೆ, ಏಳನೆಯ ವಚನ ಇನ್ನೊಮ್ಮೆ ಓದಿ ಎಂದಳು. ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಅವರು ಉತ್ತರಿಸುವ ವಚನ ಅದು. ಬೆಳಿಗ್ಗೆ ಜೀಪು ಬಂದಾಗ ಮೇಸ್ತ್ರಿ ಮೊದಲು ಗಟ್ಟಿಮುಟ್ಟಾದವರನ್ನು ಹತ್ತಿಸಿಕೊಳ್ಳುತ್ತಾರೆ, ನನ್ನ ಅಜ್ಜಿಯನ್ನು ಬಿಟ್ಟುಹೋಗುತ್ತಾರೆ, ಸಂಜೆಯವರೆಗೆ ನಿಂತವರು ಸೋಮಾರಿಗಳಲ್ಲ ಎಂದಳು. ಮಾಲೀಕರ ಮಗ ವಾದ ಮುಂದುವರಿಸಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಆ ಯಜಮಾನನಿಗೆ ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಅವನ ಕೊನೆಯ ಪ್ರಶ್ನೆ. ಕೃಪೆಯ ವಿಷಯವಾಗಿ ನಾನು ಗಂಟೆಗಟ್ಟಲೆ ಬೋಧಿಸಿದ್ದರೂ ಅವರನ್ನು ಅಲ್ಲಿಗೆ ಮುಟ್ಟಿಸಲು ಆಗುತ್ತಿರಲಿಲ್ಲ.

ಅನುಮಾನದ ಕಣ್ಣುಗಳ ವಿಷಯವನ್ನೂ ಹೇಳಬೇಕು. 2022ರಲ್ಲಿ ಮತಾಂತರ ಕುರಿತ ಕಾಯ್ದೆ ಬಂದ ಮೇಲಂತೂ ಪೋಷಕರ ಆತಂಕ ಹೆಚ್ಚಿತು. ಕ್ರೈಸ್ತ ಪೋಷಕರದ್ದೂ ಸೇರಿ. ನಮ್ಮ ಕಟ್ಟಳೆಗಳು ಅದಕ್ಕಿಂತ ಹಳೆಯವು. ಬರುವವರಿಗೆ ಶುಲ್ಕದ ನೆರವು, ಮೊಬೈಲ್, ಬಟ್ಟೆ ಯಾವುದನ್ನೂ ಕೊಡುವುದಿಲ್ಲ. ಚಹಾ ಮತ್ತು ಬನ್ನು ಮಾತ್ರ. ಪ್ರಾಂಶುಪಾಲರ ಅನುಮತಿಯಿಲ್ಲದೆ ಕಾಲೇಜಿನ ಗೇಟಿನೊಳಗೆ ಕೂಟದ ಹೆಸರಿನಲ್ಲಿ ಏನನ್ನೂ ಮಾಡುವುದಿಲ್ಲ. ಬೇರೆ ಧರ್ಮದ ಗೆಳೆಯರು ಕುತೂಹಲದಿಂದ ಬಂದರೆ ಕುಳಿತು ಕೇಳಲಿ, ಪ್ರಶ್ನಿಸಲಿ. ಅವರು ಕೇಳದೆ ಯಾರೂ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬಾರದು. ಬಾಗಿಲು ಸದಾ ತೆರೆದಿರಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮ ಹುಡುಗರು ಪರಿಹಾರ ಕೇಂದ್ರಕ್ಕೆ ಹೋಗಿ ರಾಶಿ ಬಿದ್ದಿದ್ದ ಬಟ್ಟೆಗಳನ್ನು ಅಳತೆಯ ಪ್ರಕಾರ ವಿಂಗಡಿಸಿದರು. ಹೊರಡುವ ಮುನ್ನ ನಾನು ಅವರ ಚೀಲಗಳನ್ನು ತೆರೆಸಿ ನೋಡಿದೆ. ಮನೆ ಕಳೆದುಕೊಂಡವರ ಕೈಗೆ ಕರಪತ್ರ ಕೊಡುವುದು ನನ್ನ ದೃಷ್ಟಿಯಲ್ಲಿ ಸುವಾರ್ತೆಯಲ್ಲ. ಇದನ್ನು ಒಪ್ಪದ ಹಿರಿಯರು ನಮ್ಮಲ್ಲೇ ಇದ್ದಾರೆ, ಅವರೊಂದಿಗೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಇನ್ನು ಈ ಸೇವೆಯ ನಿಜವಾದ ಕಷ್ಟ. ಪದವಿ ಮೂರು ವರ್ಷಕ್ಕೆ ಮುಗಿಯುತ್ತದೆ. ಮೊದಲನೆಯ ವರ್ಷದವರು ನಾಚುತ್ತಾರೆ, ಎರಡನೆಯ ವರ್ಷ ಅರಳುತ್ತಾರೆ, ಮೂರನೆಯ ವರ್ಷದ ಕೊನೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಿಬಿಡುತ್ತಾರೆ. ಚರ್ಚಿನಲ್ಲಿ ಒಂದು ಕುಟುಂಬ ನಲವತ್ತು ವರ್ಷ ಅದೇ ಬೆಂಚಿನಲ್ಲಿ ಕೂರಬಹುದು. ಇಲ್ಲಿ ಕಟ್ಟಿದ್ದೆಲ್ಲ ಮೂರು ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಕೂಟ ನನ್ನನ್ನು ನೆಚ್ಚಿಕೊಂಡಿದ್ದರೆ ನಾನಿರುವಷ್ಟು ದಿನ ಅದು ನನ್ನ ಟ್ಯೂಷನ್ ತರಗತಿಯಂತೆ ನಡೆದು ನಿಂತುಹೋಗುತ್ತಿತ್ತು. 1954ರಲ್ಲಿ ಹುಟ್ಟಿದ ಕ್ರೈಸ್ತ ವಿದ್ಯಾರ್ಥಿ ಸಂಘಟನೆ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾದಲ್ಲಿ ಬೆಳೆದವರೊಬ್ಬರು ಆರಂಭದಲ್ಲೇ ನನ್ನ ಕಿವಿ ಹಿಂಡಿದ್ದರು: ವಿದ್ಯಾರ್ಥಿಗಳ ಕೂಟವನ್ನು ವಿದ್ಯಾರ್ಥಿಗಳೇ ನಡೆಸಬೇಕು.

ಹಾಗಾಗಿ ವರ್ಷದ ಕೆಲಸವನ್ನು ನಾನು ತಿರುಗುಮುರುಗಾಗಿ ಹಾಕಿಕೊಳ್ಳುತ್ತೇನೆ. ಕೊಡಗಿನ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಎರಡನೆಯ ವರ್ಷದವರಲ್ಲಿ ಮುಂದಿನ ಮುಂದಾಳು ಯಾರೆಂದು ಗಮನಿಸತೊಡಗುತ್ತೇವೆ. ಚೆನ್ನಾಗಿ ಹಾಡುವವರನ್ನು, ಉದ್ದ ಪ್ರಾರ್ಥನೆ ಮಾಡುವವರನ್ನು ನಾನು ಆರಿಸುವುದಿಲ್ಲ. ಬಾರದವರಿಗೆ ಭಾನುವಾರ ಫೋನ್ ಮಾಡಿ ಏಕೆ ಬರಲಿಲ್ಲವೆಂದು ವಿಚಾರಿಸುವವರು ಯಾರು ಎಂಬುದಷ್ಟೇ ನೋಡುತ್ತೇನೆ. ಹಾಗೆ ಸಿಕ್ಕವರ ಜೊತೆ ವಾರಕ್ಕೊಮ್ಮೆ ಕುಳಿತು ಮಾರ್ಕನ ಸುವಾರ್ತೆಯ ಹದಿನಾರು ಅಧ್ಯಾಯಗಳನ್ನು ಓದುತ್ತೇನೆ, ಪ್ರಶ್ನೆ ಬರೆಯುವುದನ್ನು ಕಲಿಸುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ಹಾಜರಿ ಇಳಿಯುತ್ತದೆ, ರಜೆಯ ದಿನ ಕೊಯ್ದರೆ ಮನೆಗೆ ದುಡ್ಡು. ಆಗ ಕೂಟ ಚಿಕ್ಕದಾಗುವುದರಿಂದ ಹೊಸಬರು ಧೈರ್ಯವಾಗಿ ನಡೆಸಿ ಕಲಿಯುತ್ತಾರೆ. ಪರೀಕ್ಷೆಗೆ ಮುಂಚೆ ಹಣದ ಪುಸ್ತಕ, ಫೋನ್ ಸಂಖ್ಯೆಗಳ ಪಟ್ಟಿ, ಕೋಣೆಯ ಬೀಗದ ಕೈ ಮೂರನ್ನೂ ಅವರ ವಶಕ್ಕೆ ಕೊಟ್ಟುಬಿಡುತ್ತೇನೆ.

ಈಗಿನ ಮುಂದಾಳು ಅಮ್ಮತ್ತಿಯ ಕಡೆಯವಳು, ತಮಿಳು ಮನೆಮಾತು. ಅಧಿಕಾರ ವಹಿಸಿಕೊಂಡ ಕೂಡಲೇ ಶನಿವಾರದ ಕೂಟವನ್ನು ಬುಧವಾರಕ್ಕೆ ಸರಿಸಿದಳು. ಶನಿವಾರ ಮಧ್ಯಾಹ್ನ ಬಹಳಷ್ಟು ಹುಡುಗಿಯರು ಈಗ ಅಂಗಡಿಗಳಲ್ಲಿ ಕೆಲಸಕ್ಕೆ ಹೋಗುತ್ತಾರಂತೆ. ಬುಧವಾರ ನನಗೆ ಕಚೇರಿ ಇರುತ್ತದೆ. ಅದನ್ನೂ ಅವಳು ಯೋಚಿಸಿದ್ದಳು: ನೀವು ಕೆಳಗೆ ಕೆಲಸ ಮಾಡಿಕೊಂಡಿರಿ ಅಂಕಲ್, ಬೇಕಾದರೆ ಕರೆಯುತ್ತೇವೆ ಎಂದಳು.