ಅದೇ ಜಾಗ, ಅದೇ ನೋಟ: ಹಳೆಯ ಫೋಟೋವನ್ನು ಮತ್ತೆ ತೆಗೆಯುವ ಬಗೆ

ಕೆರೆ ಕಿರಿದಾಗಿದೆ, ಗುಡ್ಡ ಕರಗಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಅಲ್ಲಾಡುವುದಿಲ್ಲ. ಹಳೆಯ ಫೋಟೋದ ಪಕ್ಕದಲ್ಲಿ ಅದೇ ಜಾಗದಿಂದ ಇಂದು ತೆಗೆದದ್ದನ್ನು ಇಟ್ಟರೆ ನೋಡಿದವರು ಸುಮ್ಮನಿರುವುದು ಕಷ್ಟ. ಆದರೆ ಎರಡನೆಯದನ್ನು ನಾಲ್ಕು ಹೆಜ್ಜೆ ಆಚೀಚೆ ನಿಂತು ತೆಗೆದಿದ್ದರೆ, ಒಪ್ಪಲು ಮನಸ್ಸಿಲ್ಲದವರು 'ಆ್ಯಂಗಲ್ ಬೇರೆ' ಎಂದು ತಳ್ಳಿಹಾಕುತ್ತಾರೆ. ಅದಕ್ಕೇ ನಾನು ಕ್ಯಾಮೆರಾಕ್ಕಿಂತ ನಿಲ್ಲುವ ಜಾಗಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ.

ಲೆನ್ಸ್ ಬೇರೆಯಾದರೆ ಚಿತ್ರವನ್ನು ಕತ್ತರಿಸಿ ಸರಿಹೊಂದಿಸಬಹುದು. ಕ್ಯಾಮೆರಾ ಸ್ವಲ್ಪ ಓರೆಯಾಗಿದ್ದರೆ ಕಂಪ್ಯೂಟರಿನಲ್ಲಿ ತಿದ್ದಬಹುದು. ನಿಂತ ಜಾಗ ತಪ್ಪಿದರೆ ಮಾತ್ರ ಯಾವ ಸಾಫ್ಟ್‌ವೇರೂ ಸರಿಮಾಡದು. ಹತ್ತಿರದ ವಸ್ತು ದೂರದ್ದನ್ನು ಎಷ್ಟು ಮರೆಮಾಡುತ್ತದೆ ಎಂಬುದು ನಾವು ನಿಂತಲ್ಲೇ ತೀರ್ಮಾನವಾಗಿಬಿಡುತ್ತದೆ.

ಹಳೆಯ ಚಿತ್ರವನ್ನು ಎ4 ಹಾಳೆಯಲ್ಲಿ ಮುದ್ರಿಸಿಕೊಂಡು ಹೋಗುತ್ತೇನೆ. ಅದರಲ್ಲಿ ಇಂದಿಗೂ ಉಳಿದಿರುವ, ಅಲುಗದ ವಸ್ತುಗಳನ್ನು ಜೋಡಿಯಾಗಿ ಗುರುತಿಸುತ್ತೇನೆ: ಒಂದು ಹತ್ತಿರದ್ದು, ಒಂದು ದೂರದ್ದು. ಬಂಡೆಯ ಅಂಚು ಮತ್ತು ಹಿಂದಿನ ಬೆಟ್ಟದ ತುದಿ ಒಳ್ಳೆಯ ಜೋಡಿ. ಮರ ಬೇಡ, ಅದು ಬೆಳೆಯುತ್ತದೆ. ನೆನಪಿಡಬೇಕಾದದ್ದು ಇಷ್ಟೇ: ಹಳೆಯ ಚಿತ್ರಕ್ಕೆ ಹೋಲಿಸಿದರೆ ಹತ್ತಿರದ ವಸ್ತು ಯಾವ ಕಡೆ ಸರಿದು ಕಾಣುತ್ತದೋ ಕ್ಯಾಮೆರಾವನ್ನೂ ಅದೇ ಕಡೆ ಸರಿಸಬೇಕು. ಬಲಕ್ಕೆ ಸರಿದಿದ್ದರೆ ಬಲಕ್ಕೆ, ಕೆಳಗೆ ಇಳಿದಿದ್ದರೆ ಕೆಳಕ್ಕೆ.

ಹಿಂದೆಮುಂದೆ ಸರಿಯುವುದು ಕಣ್ಣಂದಾಜಿಗೆ ಸಿಗದು, ಅಳತೆಪಟ್ಟಿ ಬೇಕು. ಮುದ್ರಿತ ಚಿತ್ರದಲ್ಲಿ ಹತ್ತಿರದ ಎರಡು ಬಿಂದುಗಳ ನಡುವೆ 60 ಮಿ.ಮೀ., ದೂರದ ಎರಡರ ನಡುವೆ 20 ಮಿ.ಮೀ. ಇದ್ದರೆ ಅನುಪಾತ 3. ಕ್ಯಾಮೆರಾದ ಪರದೆಯಲ್ಲಿ ಅವೇ ಬಿಂದುಗಳ ಅನುಪಾತ 3.3 ಬಂದರೆ ತೀರ ಹತ್ತಿರ ಬಂದಿದ್ದೇವೆ, ಹಿಂದೆ ಹೋಗಬೇಕು. ಜೂಮ್ ಎಷ್ಟೇ ಇರಲಿ, ಅನುಪಾತ ಬದಲಾಗದು.

ಕೊನೆಯ 10 ಸೆಂ.ಮೀ. ಕೂಡ ಮುಖ್ಯ. ಫುಲ್‌ಫ್ರೇಮ್ ಕ್ಯಾಮೆರಾ (ಸೆನ್ಸರ್ 36 ಮಿ.ಮೀ. ಅಗಲ), 28 ಮಿ.ಮೀ. ಲೆನ್ಸ್, 6000 ಪಿಕ್ಸೆಲ್ ಅಗಲದ ಚಿತ್ರ ಎಂದಿಟ್ಟುಕೊಳ್ಳಿ. ಕ್ಯಾಮೆರಾ 10 ಸೆಂ.ಮೀ. ಪಕ್ಕಕ್ಕೆ ಸರಿದರೆ 3 ಮೀಟರ್ ದೂರದ ಕಲ್ಲು ಸುಮಾರು 155 ಪಿಕ್ಸೆಲ್ ಸರಿಯುತ್ತದೆ, 50 ಮೀಟರ್ ದೂರದ ಗೋಡೆ ಹತ್ತೂ ಸರಿಯುವುದಿಲ್ಲ. ಮುಂದೆ ಹತ್ತಿರದ ವಸ್ತುವೇ ಇಲ್ಲದ ಚಿತ್ರಗಳಲ್ಲಿ ಇಷ್ಟು ಒದ್ದಾಡಬೇಕಿಲ್ಲ.

ಜಾಗ ಸಿಕ್ಕ ಮೇಲೆ ಮುಂದಿನ ಸಲಕ್ಕೆ ಗುರುತು ಬೇಕು. ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ, ಅದು ದಾರಿ ತೋರಿಸಲು ಮಾತ್ರ. ಮೂರು ಸ್ಥಿರ ವಸ್ತುಗಳಿಂದ ಟೇಪಿನಲ್ಲಿ ದೂರ ಅಳೆದು, ನೆಲದಿಂದ ಲೆನ್ಸಿನ ಎತ್ತರ ಬರೆದುಕೊಂಡು, ನಿಲ್ಲಿಸಿದ ಟ್ರೈಪಾಡಿನದೇ ಒಂದು ಫೋಟೋ ತೆಗೆದಿಡುತ್ತೇನೆ.

ನಂತರದ್ದು ಬೆಳಕು. ಏಪ್ರಿಲ್ 20ರ ಸುಮಾರಿಗೆ ಸೂರ್ಯ ಸಾಗುವ ದಾರಿ ಆಗಸ್ಟ್ 22ರ ಸುಮಾರಿಗೆ ಮತ್ತೆ ಬರುತ್ತದೆ. ಹಾಗಾಗಿ ಹಳೆಯ ಚಿತ್ರದ ನೆರಳನ್ನು ಹಿಡಿಯಲು ವರ್ಷಕ್ಕೆ ಎರಡು ಅವಕಾಶ. ಕಟ್ಟಡ, ಬಂಡೆಗಳಿಗೆ ಎರಡೂ ಆದೀತು. ನೀರು, ಹಸಿರು ಇರುವಲ್ಲಿ ಅದೇ ತಿಂಗಳೇ ಆಗಬೇಕು. ಮಳೆಗಾಲದ ಕೆರೆಯ ಪಕ್ಕದಲ್ಲಿ ಬೇಸಿಗೆಯ ಕೆರೆಯನ್ನಿಟ್ಟು ಬತ್ತಿತೆಂದು ತೋರಿಸುವುದು ಸುಳ್ಳು. ಅದೇ ತಿಂಗಳಿನಲ್ಲಿ ತೆಗೆದರೂ ಎರಡೇ ಚಿತ್ರ ನನಗೆ ಸಾಲದು, ಒಂದು ವರ್ಷ ಮಳೆ ಕೈಕೊಟ್ಟಿರಬಹುದು. ನಡುವಿನ ವರ್ಷಗಳವೂ ಬೇಕು.

ಕ್ಯಾಮೆರಾವನ್ನು ಮ್ಯಾನುಯಲ್‌ನಲ್ಲಿಟ್ಟು ಎಫ್/8 (ಲೆನ್ಸಿನ ತೆರಪಿನ ಅಳತೆ), ಐಎಸ್ಒ 100 (ಬೆಳಕಿಗೆ ಸಂವೇದನೆ), ವೈಟ್ ಬ್ಯಾಲೆನ್ಸ್ (ಬಣ್ಣಗಳ ಹೊಂದಾಣಿಕೆ) 5500 ಕೆಲ್ವಿನ್, ಫೈಲ್ ರಾ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪ. ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟರೆ ಒಣಗಿದ ಹುಲ್ಲಿನ ಬಣ್ಣವೂ ಬದಲಾಗಿ ಕಂಡೀತು. ಫೋನಾದರೆ ಎಚ್‌ಡಿಆರ್ (ಬೆಳಕು-ನೆರಳನ್ನು ತಾನೇ ಸರಿದೂಗಿಸುವ ಸೌಲಭ್ಯ) ಆಫ್ ಮಾಡಿ, ಫೋನ್ ತಾನಾಗಿ ಲೆನ್ಸ್ ಬದಲಿಸದಂತೆ ನೋಡಿಕೊಳ್ಳಬೇಕು.

ಮನೆಗೆ ಬಂದು ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಲೇಯರ್ ಇಟ್ಟು, ಮೇಲಿನದನ್ನು ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್ ಮೋಡ್‌ಗೆ ಹಾಕುತ್ತೇನೆ. ಕೂಡಿದ ಅಂಚುಗಳು ಕಪ್ಪಾಗಿ ಮಾಯವಾಗುತ್ತವೆ. ದೂರದ ಬೆಟ್ಟ ಕೂಡಿ ಹತ್ತಿರದ ಬಂಡೆಯ ಸುತ್ತ ಬಿಳಿ ಗೆರೆ ಉಳಿದರೆ ಜಾಗ ತಪ್ಪಿದೆ ಎಂದರ್ಥ. ಮತ್ತೆ ಹೋಗಬೇಕು.

ಹಳೆಯ ಚಿತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ತಿಮೋಥಿ ಒ'ಸಲಿವನ್ ಎಂಬ ಛಾಯಾಗ್ರಾಹಕ 1869ರಲ್ಲಿ ಅಮೆರಿಕದ ಯೂಟಾದಲ್ಲಿ ಬಂಡೆಗಳ ಚಿತ್ರ ತೆಗೆದಿದ್ದರು. ಒಂದು ಶತಮಾನದ ಮೇಲೆ, 1970ರ ದಶಕದ ಕೊನೆಯಲ್ಲಿ, ಮಾರ್ಕ್ ಕ್ಲೆಟ್ ಮೊದಲಾದ ಛಾಯಾಗ್ರಾಹಕರ ತಂಡ ಅದೇ ಜಾಗದಿಂದ ಮತ್ತೆ ತೆಗೆದಾಗ ಗೊತ್ತಾದದ್ದು, ಮೂಲದಲ್ಲಿ ಕ್ಯಾಮೆರಾವನ್ನೇ ಓರೆ ಮಾಡಲಾಗಿತ್ತು ಎಂಬುದು. ಹಾಗಾಗಿ ನಾನು ಮೊದಲು ದಿಗಂತ, ನೀರಿನ ಮಟ್ಟ, ಗೋಡೆಗಳ ನೇರ ನೋಡುತ್ತೇನೆ.

ಚಿತ್ರದ ಕೆಳಗಿನ ಬರಹಕ್ಕೂ ಅಷ್ಟೇ ನಿಗಾ ಬೇಕು. 1908ರಿಂದ ಅಮೆರಿಕದ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಚಿತ್ರ ತೆಗೆದ ಲೂಯಿಸ್ ಹೈನ್ ತಮ್ಮ ಅಂಗಿಯ ಗುಂಡಿಗಳಿಗೆ ಹೋಲಿಸಿ ಮಕ್ಕಳ ಎತ್ತರ ಅಳೆದು ಬರೆದುಕೊಳ್ಳುತ್ತಿದ್ದರು. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಅವರ ಚಿತ್ರಗಳ ಜೊತೆ ಆ ವಿವರಗಳೂ ಬಲವಾದವು. ನಾನು ದಿನಾಂಕ, ಗಂಟೆ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ಲೆನ್ಸ್, ಹಿಂದಿನ ವಾರ ಮಳೆ ಬಂದಿತ್ತೋ ಇಲ್ಲವೋ ಎಂಬುದನ್ನು ಬರೆಯುತ್ತೇನೆ. ಬದಲಾಗದೇ ಉಳಿದ ಜಾಗಗಳ ಚಿತ್ರಜೋಡಿಗಳನ್ನೂ ಅದೇ ಕಡತದಲ್ಲಿಟ್ಟು, ಕೇಳಿದವರಿಗೆ ಎಲ್ಲವನ್ನೂ ಒಟ್ಟಿಗೇ ಕೊಡುತ್ತೇನೆ.