ಪಿಕ್ ಲೈನಿನ ಡ್ರೆಸ್ಸಿಂಗ್ ಮತ್ತು ರಾಯಚೂರಿನ ಸೆಖೆ: ನನ್ನ ಅನುಭವ

ನಾನು ಮನೆಗೆ ಹೋಗಿ ಪಿಕ್ ಲೈನಿನ (ಕೀಮೋ ಕೊಡಲು ತೋಳಿನ ರಕ್ತನಾಳದೊಳಗೆ ಹಾಕುವ ತೆಳು ಕೊಳವೆ) ಡ್ರೆಸ್ಸಿಂಗ್ ಬದಲಿಸುವ ನರ್ಸ್. ಕಳೆದ ಮೇ ತಿಂಗಳು. ಸಿಂಧನೂರು ಕಡೆಯ ಒಬ್ಬ ತಾಯಿ ತೋಳು ಚಾಚಿ, "ಸಿಸ್ಟರ್, ಇದನ್ನ ಕಿತ್ತು ಒಗೀರಿ, ನನಗ ಕೀಮೋನೂ ಬ್ಯಾಡ ಏನೂ ಬ್ಯಾಡ" ಅಂದರು. ಲೈನಿನ ಮೇಲೆ ಅಂಟಿಸಿದ ಪಾರದರ್ಶಕ ಡ್ರೆಸ್ಸಿಂಗಿನ, ಅಂದರೆ ಫಿಲ್ಮಿನ, ನಾಲ್ಕೂ ಅಂಚಿಗೆ ಚರ್ಮ ಕೆಂಪಗೆ ಎದ್ದಿತ್ತು, ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ನೀರುಗುಳ್ಳೆ. ಕೀಮೋದ ಇನ್ನೂ 5 ಸೈಕಲ್ ಬಾಕಿ. ಲೈನ್ ಹಾಕಿದ ಕಡೆ ಕೇಳಿದರೆ "ಅಲರ್ಜಿ, ತೆಗೆಸಿಬಿಡಿ" ಅಂದರು. ನಾಲ್ಕು ವಾರ ಸಮಯ ಕೊಡಿ ಎಂದು ಕೇಳಿಕೊಂಡೆ. ಜ್ವರ, ಕೀವು, ತೋಳಿನ ಬಾವು ಏನೇ ಕಂಡರೂ ಅದೇ ದಿನ ಕರೆತರಬೇಕು ಎಂಬ ಷರತ್ತಿನ ಮೇಲೆ ಡಾಕ್ಟರು ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.



ಮೊದಲು ಫಿಲ್ಮಿನ ಕಂಪನಿ ಬದಲಿಸಿದೆ. ಮೂರು ಬಗೆಯ ಫಿಲ್ಮ್, ಹೆಚ್ಚುಕಮ್ಮಿ 2,000 ರೂಪಾಯಿ ಹೋಯಿತು, ಉರಿ ಹೋಗಲಿಲ್ಲ. ಆಮೇಲೆ ಗಾಜ್ ಬಟ್ಟೆ ಮತ್ತು ಪೇಪರ್ ಟೇಪು. ಗಾಜ್ ಅಂದಮೇಲೆ ಎರಡು ದಿನಕ್ಕೊಮ್ಮೆ ಬಿಚ್ಚಲೇಬೇಕು. ವಾರಕ್ಕೊಮ್ಮೆ ಕೀಳುತ್ತಿದ್ದ ಚರ್ಮವನ್ನು ಮೂರು ಸಲ ಕಿತ್ತಂತಾಗಿ ಸಿಪ್ಪೆಯೇ ಸುಲಿದುಬಂತು. ಇದರ ನಡುವೆ ತುರಿಕೆ ತಾಳಲಾರದೆ ಮನೆಯವರು ಅಂಚಿಗೆ ಕೊಬ್ಬರಿ ಎಣ್ಣೆ ಸವರಿಬಿಟ್ಟರು. ಬೆಳಗಾಗುವುದರೊಳಗೆ ಡ್ರೆಸ್ಸಿಂಗ್ ಜಾರಿ ಲೈನ್ ಸುಮಾರು 2 ಸೆಂಟಿಮೀಟರ್ ಹೊರಗೆ ಬಂದಿತ್ತು. ಎಕ್ಸ್‌ರೇ, ಗಾಡಿ ಬಾಡಿಗೆ ಸೇರಿ ಮತ್ತೆ ಒಂದೂವರೆ ಸಾವಿರ. ಹತ್ತಿ ಬಿಡಿಸಿ ಬದುಕುವ ಮನೆ ಅದು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾರಣ ಸಿಕ್ಕಿದ್ದು ನನ್ನದೇ ಮುಂಗೈ ಮೇಲೆ. ಫಿಲ್ಮಿನ ಮೂರು ತುಂಡು ಕತ್ತರಿಸಿದೆ. ಒಂದನ್ನು ಕ್ಲೋರ್‌ಹೆಕ್ಸಿಡಿನ್ (ಡ್ರೆಸ್ಸಿಂಗಿಗೆ ಮೊದಲು ಚರ್ಮ ಶುದ್ಧ ಮಾಡುವ ಔಷಧ) ಪೂರ್ತಿ ಒಣಗಿದ ಮೇಲೆ ಅಂಟಿಸಿದೆ, ಒಂದನ್ನು ಹಸಿ ಇರುವಾಗಲೇ, ಇನ್ನೊಂದನ್ನು ಒಣಗಿದ ಮೇಲೆಯೇ ಆದರೆ ಎಳೆದು ಬಿಗಿಯಾಗಿ. ಪಕ್ಕದಲ್ಲಿ ಪೆನ್ನಿನಿಂದ ಗುರುತು. ಮರುದಿನ ಸಂಜೆಗೆ ಹಸಿಯದು ತುರಿಸತೊಡಗಿತು. ಎಳೆದು ಹಾಕಿದ್ದರ ಮೂಲೆಯಲ್ಲಿ ಮೂರನೇ ದಿನ ಥೇಟ್ ಅದೇ ಗುಳ್ಳೆ. ಒಣಗಿಸಿ ಸುಮ್ಮನೆ ಹಾಸಿದ್ದರ ಕೆಳಗೆ ಏನೂ ಇಲ್ಲ!

ಆಗ ಹೊಳೆಯಿತು. ನಾನು ಹೋಗುತ್ತಿದ್ದುದು ಡ್ಯೂಟಿ ಮುಗಿಸಿ ಮಧ್ಯಾಹ್ನ ಎರಡಕ್ಕೆ. ಹೊರಗೆ 42 ಡಿಗ್ರಿ. ಸ್ಟೆರೈಲ್ ಕೆಲಸ ಅಂತ ಫ್ಯಾನ್ ಬಂದ್. ಔಷಧ ಒಣಗುವ ಮೊದಲೇ ಬೆವರು ಒಸರಿ, ಔಷಧ ಬೆವರು ಎರಡೂ ಸೇರಿ ಫಿಲ್ಮಿನ ಕೆಳಗೆ ಸಿಕ್ಕಿಬೀಳುತ್ತಿದ್ದವು. ಒಣಗಿಸಲು ಕಲಿತದ್ದು 30 ಸೆಕೆಂಡು, ನಮ್ಮೂರ ಸೆಖೆಗೆ ಅದು ಯಾತಕ್ಕೂ ಸಾಲದು.

ಬೆಳಿಗ್ಗೆ ಐದೂವರೆಗೆ ಹೋಗತೊಡಗಿದೆ. ಗಡಿಯಾರ ನೋಡಿ ಪೂರಾ 2 ನಿಮಿಷ ಒಣಗಿಸಿ, ಫಿಲ್ಮನ್ನು ಎಳೆಯದೆ ಸುಮ್ಮನೆ ಹಾಸಿದೆ. ಕೂದಲಿದ್ದರೆ ಕತ್ತರಿಯಲ್ಲಿ ಮಾತ್ರ, ಬ್ಲೇಡು ಮುಟ್ಟಿಸಲಿಲ್ಲ. ಅಂಚು ಕೂರುವ ಜಾಗಕ್ಕೆ ಆಲ್ಕೋಹಾಲ್ ಇಲ್ಲದ ಬ್ಯಾರಿಯರ್ ಫಿಲ್ಮ್ (ಅಂಟಿನಿಂದ ಚರ್ಮ ಕಾಯುವ ದ್ರವ) ಸವರಿದೆ, ಲೈನ್ ಒಳಹೋದ ತೂತಿನ ಹತ್ತಿರ ಅಲ್ಲ. ಅದಕ್ಕೆ ಸಲಕ್ಕೆ ನೂರರ ಆಸುಪಾಸು ಬೀಳುತ್ತದೆ. ದುಡ್ಡು ದಂಡವೇ ಅಂತ ನೋಡಲು ಒಂದು ವಾರ ಅರ್ಧ ಭಾಗಕ್ಕೆ ಮಾತ್ರ ಸವರಿದ್ದೆ, ಬಿಚ್ಚಿದಾಗ ಕೆಂಪು ಇದ್ದದ್ದು ಸವರದ ಅರ್ಧದಲ್ಲಿ. ಬಿಚ್ಚುವಾಗ ಫಿಲ್ಮನ್ನು ಮೇಲಕ್ಕೆ ಎತ್ತದೆ, ಚರ್ಮಕ್ಕೆ ಸಮವಾಗಿ ಹಿಗ್ಗಿಸುತ್ತ, ಲೈನ್ ಒಳಹೋದ ದಿಕ್ಕಿಗೇ ಸಾಗುತ್ತೇನೆ. ಆಗ ಎಡಗೈ ಬೆರಳು ಎಲ್ಲಿರಬೇಕು ಎನ್ನುವುದು ನನ್ನ ಕೈಗುಟ್ಟು, ಬಂದು ನೋಡಿದರೆ ತೋರಿಸುತ್ತೇನೆ.

ಆ ತಾಯಿಯ ವಿಗ್ಗಿನ ಎಲಾಸ್ಟಿಕ್ ಬೋಳು ತಲೆಯ ಸುತ್ತ ಗೆರೆ ಕೊರೆದಿತ್ತು. ಹಳೇ ಕಾಟನ್ ಸೀರೆ ಹರಿದು ಎಲಾಸ್ಟಿಕ್ ಇಲ್ಲದ ಟೊಪ್ಪಿಗೆ ಹೊಲಿದುಕೊಟ್ಟೆ, ವಾರದಲ್ಲಿ ಆ ಗೆರೆಯೂ ಮಾಯ.

ಮೂರನೇ ವಾರಕ್ಕೆ ತೋಳಿನ ಕೆಂಪು ಇಳಿಯಿತು. ಐದೂ ಸೈಕಲ್ ಅದೇ ಲೈನಿನಲ್ಲಿ ಮುಗಿದವು. "ತೆಗೆಸಿಬಿಡಿ" ಅಂದಿದ್ದವರೇ ಈಗ ಮಾನ್ವಿ, ಲಿಂಗಸುಗೂರು ಕಡೆಯ ರೋಗಿಗಳಿಗೆ ನನ್ನ ನಂಬರ್ ಕೊಡುತ್ತಾರೆ. ಇಲ್ಲಿಯತನಕ ಹದಿನಾಲ್ಕೋ ಹದಿನೈದೋ ಜನ, ಅದರಲ್ಲಿ ನಿಜವಾದ ಅಲರ್ಜಿ ಒಬ್ಬರಿಗೆ ಮಾತ್ರ. ಅವರಿಗೆ ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಬಿಡಿಸಿ ಪೊವಿಡೋನ್ ಅಯೋಡಿನ್‌ಗೆ ಬದಲಿಸಿದರು. ಬಿಸಿಲೇರುವುದರೊಳಗೆ ಎರಡು ಮನೆಗಿಂತ ಹೆಚ್ಚು ಆಗುವುದಿಲ್ಲ, ಹಾಗಾಗಿ ದೇವದುರ್ಗದವರಿಗೆ ಭಾನುವಾರ ಇಟ್ಟುಕೊಂಡಿದ್ದೇನೆ.