ತಮ್ಮನ ಮಾತ್ರೆ, ನಮ್ಮನೆ ಅಡುಗೆ

ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವಂಥ ಮನಸ್ಸಿನ ಕಾಯಿಲೆ. ಅದಕ್ಕೆ ಊಟದಿಂದ ಏನಾಗುತ್ತೆ ಅಂತ ಕೊಡಗಿನ ನಮ್ಮ ನಾಪೋಕ್ಲು ಕಡೆ ನಕ್ಕವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಮೊದಲು ದುಡ್ಡು ಹೋದ ಕಥೆ. ವಿದೇಶದ ನಿಯಾಸಿನ್‌ಗೆ, ಅಂದರೆ ವಿಟಮಿನ್ ಬಿ3 ಮಾತ್ರೆಗೆ, ಸುಮಾರು 30 ಸಾವಿರ. 1950ರ ದಶಕದಲ್ಲಿ ಕೆನಡಾದಲ್ಲಿ ಮನೋವೈದ್ಯರಾಗಿದ್ದ ಏಬ್ರಮ್ ಹಾಫರ್, ಹಂಫ್ರಿ ಆಸ್ಮಂಡ್ ಈ ಕಾಯಿಲೆಯವರಿಗೆ ಇದನ್ನು ಗ್ರಾಂಗಟ್ಟಲೆ ಕೊಟ್ಟಿದ್ದರು. ಅದನ್ನು ನಂಬಿ ಚಿಕ್ಕಪ್ಪ ತರಿಸಿದರು. ತಮ್ಮನ ಮುಖವೆಲ್ಲ ಕೆಂಪಾಗಿ ಉರಿಯಿತು, ಕಿವಿಯಲ್ಲಿ ಕೇಳುವ ದನಿಗಳು ಹಾಗೇ ಇದ್ದವು. ಇದರಿಂದ ಪ್ರಯೋಜನವಿಲ್ಲ ಅಂತ ಅಮೆರಿಕದ ಮನೋವೈದ್ಯರ ಸಂಘದ ಸಮಿತಿ 1973ರಲ್ಲೇ ಹೇಳಿತ್ತು. ಜಾಸ್ತಿಯಾದರೆ ಲಿವರ್‌ಗೂ ಪೆಟ್ಟು. ಆಮೇಲೆ ಗೋಧಿ ಬಿಡಿಸಿದೆವು. ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ತರಿಯ ಕಡುಬು) ತಿನ್ನುವ ಮನೆಯಲ್ಲಿ ಬಿಡೋದಕ್ಕೆ ಇದ್ದದ್ದು ಬೇಕರಿ ಬನ್ನು ಮಾತ್ರ. ಏನೂ ಬದಲಾಗಲಿಲ್ಲ. ತಾಯತದ ಖರ್ಚು ಬರೆದರೆ ಅಮ್ಮನಿಗೆ ಬೇಜಾರಾಗುತ್ತೆ, ಬಿಡಿ.

ತಮ್ಮನಿಗೆ ದನಿ ಅಡಗಿಸಿದ್ದು ಡಾಕ್ಟರು ಕೊಟ್ಟ ಕ್ಲೋಜಪಿನ್ ಮಾತ್ರೆ. ಆದರೆ ವಿಪರೀತ ಹಸಿವು, ತೂಕ, ಮಲಬದ್ಧತೆ ಅಂತ ಅವನು ಮಾತ್ರೆ ಬಿಟ್ಟುಬಿಡುತ್ತಿದ್ದ. ಹಾಗಾಗಿ ಕಾಯಿಲೆಯನ್ನು ಡಾಕ್ಟರಿಗೆ ಬಿಟ್ಟು, ಮಾತ್ರೆಯ ಕಾಟಕ್ಕೆ ನಾನು ಅಡುಗೆ ಹಿಡಿದೆ. ಸಂಜೆ ಏಳಕ್ಕೇ ಊಟ. ಅನ್ನ ಅರ್ಧ, ಮೊಟ್ಟೆ ಅಥವಾ ಮೀನು, ಕಾಳು, ಸೊಪ್ಪು ಜಾಸ್ತಿ, ನೀರು ಜಾಸ್ತಿ. ಈ ಮಾತ್ರೆಯಲ್ಲಿ ಮಲಬದ್ಧತೆ ಪ್ರಾಣಕ್ಕೇ ಕುತ್ತು, ಎರಡು ದಿನ ಹೋಗದಿದ್ದರೆ ಡಾಕ್ಟರಿಗೆ ಫೋನ್. ಮಧ್ಯರಾತ್ರಿ ಹಸಿವಿಗೆ ಒಂದು ಹುರಿದ ಪುಡಿ ಮಾಡುತ್ತೇನೆ. ಅದರ ಅಳತೆ ನನ್ನ ಹತ್ತಿರವೇ ಇರಲಿ.

ಕಾಫಿ ವಿಷಯ ಮಾತ್ರ ಎಲ್ಲರೂ ಕೇಳಿಸಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ತೋಟದಲ್ಲಿ ಅವನು ಬೆಲ್ಲದ ಕಾಫಿ ಆರೇಳು ಲೋಟ ಕುಡಿಯುತ್ತಿದ್ದ. ಜೊಲ್ಲು ಸುರಿಸುತ್ತಾ ತೂಕಡಿಸುತ್ತಿದ್ದ. ಕೆಫೀನ್ ಇದ್ದರೆ ಕ್ಲೋಜಪಿನ್ ಕರಗೋದು ನಿಧಾನ, ರಕ್ತದಲ್ಲಿ ಅದರ ಮಟ್ಟ ಏರುತ್ತೆ. ಬೀಡಿ ಹೊಗೆ ಅದನ್ನು ಇಳಿಸುತ್ತೆ. ಬೀಡಿ ಬಿಟ್ಟರೆ ಹಳೇ ಡೋಸೇ ಜಾಸ್ತಿಯಾಗಬಹುದು. ಹಿಡಿಯೋದಾದರೂ ಬಿಡೋದಾದರೂ ಡಾಕ್ಟರಿಗೆ ಹೇಳಿಯೇ ಮಾಡಬೇಕು. ಈಗ ಕಾಫಿ ದಿನಾ ಎರಡೇ ಲೋಟ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕಾಫಿಯ ಈ ಕಾಟ ಪತ್ತೆಹಚ್ಚಿದ್ದು ನಾನೇ, ಆಸ್ಪತ್ರೆಯಲ್ಲಿ ಯಾರೂ ಕಾಫಿ ಬಗ್ಗೆ ಕೇಳಿರಲಿಲ್ಲ.

ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡವರ ಆಟಿ ತಿಂಗಳ ಹದಿನೆಂಟನೇ ದಿನಕ್ಕೆ, ಆ ದಿನವೇ ತಿನ್ನುವ ಮದ್ದು ಸೊಪ್ಪಿನ ಪಾಯಸವನ್ನೂ ಕೊಟ್ಟು ನೋಡಿದೆ. ಕಾಯಿಲೆಗೆ ಏನೂ ಆಗಲಿಲ್ಲ, ಅವನು ಖುಷಿಯಾಗಿ ತಿಂದ. ಮೂತ್ರ ಕೆಂಪಾಗುತ್ತೆ ಅಂತ ಮೊದಲೇ ಹೇಳಿಟ್ಟಿದ್ದೆ. ಇಲ್ಲದಿದ್ದರೆ ಯಾರೋ ವಿಷ ಹಾಕಿದರು ಅಂದುಕೊಳ್ಳುತ್ತಿದ್ದ, ಅಲ್ವಾ?

ಏರಿದ್ದ ಹದಿನೈದು ಕೆಜಿಯಲ್ಲಿ ಒಂಬತ್ತರಷ್ಟು ಇಳಿದಿದೆ. ಎರಡು ವರ್ಷದಿಂದ ಮಾತ್ರೆ ತಪ್ಪಿಲ್ಲ, ರಕ್ತ ಪರೀಕ್ಷೆಯೂ ತಪ್ಪಿಲ್ಲ. ಈ ಸಲ ಮೆಣಸು ಕೊಯ್ಲಿನ ಲೆಕ್ಕ ಬರೆದದ್ದು ಅವನೇ.